ಕುರ್ಚಿಯಲ್ಲಿ ಕೂತವರ ಅಭಿಪ್ರಾಯ

ಬೀದಿಯವರೆಲ್ಲ ಅವನನ್ನು ಕಟಿಂಗ್ ಅಣ್ಣ ಎಂದೇ ಕರೆಯುತ್ತಿದ್ದರು. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅವನು ಅಣ್ಣನೇ. ಅಂಗಡಿ ಎಂದರೆ ಗೋಡೆಯುದ್ದದ ಒಂದು ಕನ್ನಡಿ, ಅದರ ಮುಂದೆ ತಿರುಗುವ ಕುರ್ಚಿ, ಕಾಯುವವರಿಗೆ ಒಂದು ಮರದ ಬೆಂಚು. ಆ ಕುರ್ಚಿಯಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ತಲೆ ಬಂದು ಹೋಗುತ್ತಿದ್ದವು.

ಕೈ ಎಷ್ಟು ಚುರುಕೋ ತೀರ್ಮಾನ ಅಷ್ಟೇ ನಿಧಾನ. ಅಂಗಡಿಗೆ ಯಾವ ಬಣ್ಣ ಬಳಿಸುವುದು ಎಂದು ಎರಡು ವರ್ಷ ಮೀನ ಮೇಷ ಎಣಿಸಿ, ಕೊನೆಗೆ ಇದ್ದ ಬಣ್ಣವನ್ನೇ ಬಳಿಸಿದ ಮಹಾನುಭಾವ ಅವನು. ಆದ್ದರಿಂದ ಎಲ್ಲವನ್ನೂ ಗಿರಾಕಿಗಳನ್ನೇ ಕೇಳುತ್ತಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಮಸೆದು ಗಂಟಲ ಹತ್ತಿರ ತಂದಮೇಲೆ, “ಒಂದು ವಿಷ್ಯ ಕೇಳ್ಲಾ?” ಎಂದು ಶುರು ಮಾಡುತ್ತಿದ್ದ. ಒರಗಿ ಕೂತ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಅವನ ನಂಬಿಕೆ. ಇಪ್ಪತ್ತೈದು ವರ್ಷ ಈ ನಂಬಿಕೆಯಿಂದ ಯಾರಿಗೂ ಯಾವ ನಷ್ಟವೂ ಆಗಲಿಲ್ಲ. ಆಮೇಲೆ ತಂಗಿಯ ಫೋನ್ ಬಂತು.

ಅಮ್ಮ ತೀರಿಕೊಂಡಾಗ ಅವನಿಗೆ ಇಪ್ಪತ್ತೊಂದು, ತಂಗಿಗೆ ಎಂಟು. ಅಪ್ಪ ಅದಕ್ಕೂ ಮೊದಲೇ ಹೋಗಿಯಾಗಿತ್ತು. ತನಗೆ ಜಡೆ ಹೆಣೆಯಲು ಬಾರದೆ ಅವನು ಅವಳ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ. ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟು, ಅದರ ಮೇಲೆ ಅವಳನ್ನು ಕೂರಿಸಿ, ತಿಂಗಳಿಗೊಮ್ಮೆ ಕತ್ತರಿ ಆಡಿಸುತ್ತಿದ್ದ. ಶಾಲೆಯಿಂದ ಬಂದವಳು ಅದೇ ಬೆಂಚಿನ ಮೇಲೆ ಕೂತು ಲೆಕ್ಕ ಮಾಡಿದಳು, ಅದೇ ಬೆಂಚಿನ ಮೇಲೆ ನಿದ್ದೆ ಹೋದಳು, ದೊಡ್ಡವಳಾದಳು. ಓದು ಮುಗಿಸಿ ಹೊರದೇಶದ ಒಂದು ವೃದ್ಧಾಶ್ರಮದಲ್ಲಿ ಮುದುಕರನ್ನು ಎಬ್ಬಿಸಿ, ಮೀಯಿಸಿ, ಉಣ್ಣಿಸುವ ಕೆಲಸಕ್ಕೆ ಹೋದಳು. ಹೋಗುವ ಹಿಂದಿನ ದಿನವೂ ಅವನ ಕೈಯಲ್ಲೇ ಕೂದಲು ಕತ್ತರಿಸಿಕೊಂಡಳು.

ಫೋನ್ ಬಂದಾಗ ಅವನು ಬೇಕರಿಯವನ ಒಂದು ಕೆನ್ನೆ ಮುಗಿಸಿದ್ದ.

“ಅಣ್ಣ, ಮದ್ವೆ ಮಾಡ್ಕೊಳ್ತಿದೀನಿ. ಅವ್ರು ಇಲ್ಲೇ ಬಸ್ ಓಡಿಸ್ತಾರೆ. ತುಂಬಾ ಮಾತಾಡಲ್ಲ, ನಿನಗೆ ಹಿಡಿಸ್ತಾರೆ.”

ಅವನು ಕತ್ತಿ ಕೆಳಗಿಟ್ಟು ಬೆಂಚಿನ ಮೇಲೆ ಕೂತ. ಸಂತೋಷಕ್ಕೆ ಕೈಯ ನೊರೆಯನ್ನು ತನ್ನ ಅಂಗಿಗೇ ಒರೆಸಿಕೊಂಡ.

“ದೊಡ್ಡ ಗಲಾಟೆ ಏನಿಲ್ಲಣ್ಣ. ಇಲ್ಲಿ ಒಂದು ಆಫೀಸಲ್ಲಿ ಸಹಿ ಹಾಕೋದು, ಅಷ್ಟೇ. ಎರಡೂ ಕಡೆಯಿಂದ ಒಬ್ಬೊಬ್ರು ಸಾಕ್ಷಿ ಬೇಕು. ನನ್ನ ಕಡೆಗೆ ನೀನು. ಇನ್ನೂ ಏಳು ವಾರ ಇದೆ. ಅತ್ತಿಗೆ, ಮಕ್ಕಳು, ಎಲ್ರೂ ಬನ್ನಿ.”

“ಬರ್ದೇ ಇರ್ತೀವಾ ಪುಟ್ಟಿ” ಎಂದ. ಆ ಕ್ಷಣಕ್ಕೆ ಅದು ಸತ್ಯವೇ ಆಗಿತ್ತು.

ಸಂಜೆಯ ಹೊತ್ತಿಗೆ ಸತ್ಯ ಸ್ವಲ್ಪ ಸಡಿಲವಾಯಿತು. ಎರಡು ವಿಮಾನ ಹತ್ತಬೇಕು, ನಡುವೆ ಐದು ಗಂಟೆ ಕಾಯಬೇಕು. ದೊಡ್ಡ ಮಗಳಿಗೆ ನಾಲ್ಕು ವರ್ಷ. ಬಸ್ಸಿನಲ್ಲಿ ಮೂರನೆಯ ನಿಲ್ದಾಣಕ್ಕೆ ವಾಂತಿ ಮಾಡುವವಳು. ಮಗನಿಗೆ ಒಂದೂವರೆ, ತಿಂಗಳಿಗೊಮ್ಮೆ ಕಿವಿನೋವು. ಇದಿಷ್ಟೂ ನಿಜ. ಆದರೆ ಅವನು ಮರುದಿನ ಅಂಗಡಿ ತೆರೆದು ಕೇಳಿದ ಪ್ರಶ್ನೆಯಲ್ಲಿ ಇವು ಮಾತ್ರ ಇದ್ದವು.

“ಅಲ್ಲ ಸಾರ್, ಕಿವಿನೋವಿನ ಮಗು. ವಿಮಾನ ಮೇಲೆ ಹೋದಾಗ ಕಿವಿ ಅಡಚ್ಕೊಳತ್ತಂತೆ. ಚಿಕ್ಕ ಮಕ್ಕಳನ್ನ ಕಟ್ಕೊಂಡು ಅಷ್ಟು ದೂರ ಹೋಗೋದು ಸರೀನಾ?”

ಕತ್ತಿ ಗಂಟಲ ಗುಬುಟಿನ ಮೇಲಿತ್ತು. ಬ್ಯಾಂಕಿನ ಗುಮಾಸ್ತ ತುಟಿ ಅಲ್ಲಾಡಿಸದೆ, “ಕಷ್ಟ, ಕಷ್ಟ” ಎಂದ. ಲಾರಿ ಡ್ರೈವರು, ನಾಲ್ಕು ಸಾವಿರ ಮೈಲಿ ಹೆಂಡತಿ ಮಕ್ಕಳ ಜೊತೆ ಲಾರಿಯಲ್ಲೇ ತಿರುಗಿದವನು, “ಬೇಡ ಬಿಡಿ ಅಣ್ಣ” ಎಂದ. ಬೇಕರಿಯವನು ಬಂದಾಗ, “ಚಿಕ್ಕ ಮಕ್ಕಳನ್ನ ಕಟ್ಕೊಂಡು ಅಷ್ಟು ದೂರ ಹೇಗ್ ಹೋಗ್ತೀರಾ. ತಂಗಿಗೂ ಅರ್ಥ ಆಗತ್ತೆ” ಎಂದ. ಅವನು ಕೇಳಿದ ಮಾತನ್ನೇ ಅವನಿಗೆ ತಿರುಗಿಸಿ ಕೊಡುತ್ತಿದ್ದರು. ಹಾಗೆ ಎರಡು ವಾರದಲ್ಲಿ ಸುಮಾರು ನೂರು ಜನರ ಅಭಿಪ್ರಾಯ ಸಿಕ್ಕಿತು. ನೂರಕ್ಕೆ ನೂರೂ ಒಂದೇ. ಒಂದೇ ಒಂದು ತಲೆಯೂ ಹೋಗಿ ಬನ್ನಿ ಎನ್ನಲಿಲ್ಲವಲ್ಲ ಎಂದು ಅನುಮಾನ ಪಡುವ ಬದಲು, ಆ ಪುಣ್ಯಾತ್ಮ ಅದನ್ನೇ ದೊಡ್ಡ ಆಧಾರ ಮಾಡಿಕೊಂಡ.

ಬೇರೆ ಮಾತು ಆಡಿದವರು ಒಬ್ಬರೇ, ಬೆಂಚಿನ ಮೇಲಿನ ಬೋಳು ಮೇಷ್ಟ್ರು. ತಲೆಯಲ್ಲಿ ಒಂದು ಕೂದಲಿಲ್ಲ, ಗಡ್ಡ ಮನೆಯಲ್ಲೇ ತೆಗೆದುಕೊಳ್ಳುವವರು. ಅಂಗಡಿಗೆ ಬರುತ್ತಿದ್ದುದು ಪುಕ್ಕಟೆ ಪೇಪರ್ ಓದಲು.

“ಹೋಗಿ ಬಾ ಮಾರಾಯ” ಎಂದರು ಪೇಪರಿನ ಹಿಂದಿನಿಂದ. “ವಾಂತಿ ಮಾಡಿದ್ರೆ ಒರೆಸು. ಅತ್ರೆ ಎತ್ಕೋ. ತಂಗಿ ಎಷ್ಟು ಸಲ ಮದ್ವೆ ಆಗ್ತಾಳೆ?”

“ನಿಮಗೆ ಮಕ್ಕಳಿಲ್ಲ ಮೇಷ್ಟ್ರೇ, ನಿಮಗೇನ್ ಗೊತ್ತು” ಎಂದ. ಕುರ್ಚಿಯಲ್ಲಿದ್ದವನು ಹಲ್ಲು ಕಿರಿದ. ಮೇಷ್ಟ್ರು ಪುಟ ತಿರುಗಿಸಿದರು. ಆಡಬಾರದ ಮಾತು ಅದು. ಆಡಿದ ಮೇಲೆ ಅವನಿಗೂ ಹಾಗನ್ನಿಸಿತು, ಆದರೆ ಕತ್ತರಿಯ ಸದ್ದಿನಲ್ಲಿ ಮರೆಸಿಬಿಟ್ಟ.

ಇತ್ತ ಹೆಂಡತಿ ಯಾರ ಅಭಿಪ್ರಾಯಕ್ಕೂ ಕಾಯದೆ ಕೆಲಸ ಶುರು ಮಾಡಿಯಾಗಿತ್ತು. ಪಾಸ್‌ಪೋರ್ಟಿಗೆ ಮಕ್ಕಳ ಫೋಟೋ ತೆಗೆಸಿದಳು. ಮಗ ಹನ್ನೊಂದು ಸಲ ಕಣ್ಣು ಮುಚ್ಚಿ, ಹನ್ನೆರಡನೆಯ ಸಲ ಕಳ್ಳನ ಹಾಗೆ ದಿಟ್ಟಿಸಿದ; ಅದೇ ಪಾಸಾಯಿತು. ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, “ಏನೂ ಆಗಲ್ಲ. ಏರುವಾಗ ಇಳಿಯುವಾಗ ಬಾಟ್ಲಿ ಬಾಯಿಗಿಡಿ” ಎಂದರು. ಡಾಕ್ಟರ ಮಾತನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

“ರೀ, ಟಿಕೆಟ್ ಬುಕ್ ಮಾಡ್ಬೇಕು. ಏನ್ ಹೇಳ್ತೀರಾ?” ಎಂದಳು ಒಂದು ಬೆಳಗ್ಗೆ, ಮಗಳ ಶೂ ಲೇಸು ಕಟ್ಟುತ್ತಾ.

“ನೋಡೋಣ.”

“ನೋಡಿ ನೋಡಿ ಮೂರು ವಾರ ಆಯ್ತು. ಹೋಗ್ಲಿ, ಮಕ್ಕಳು ಬೇಡ ಅಂದ್ರೆ ನೀವೊಬ್ರೇ ಹೋಗ್ಬನ್ನಿ. ನಾನು ನೋಡ್ಕೋತೀನಿ.”

ಈ ಬಾಗಿಲು ತೆರೆಯುತ್ತದೆಂದು ಅವನು ಎಣಿಸಿರಲಿಲ್ಲ. “ಎರಡು ಮಕ್ಕಳ ಜೊತೆ ನಿನ್ನೊಬ್ಬಳನ್ನೇ ಬಿಟ್ಟು ಹೇಗೆ ಹೋಗ್ಲಿ?” ಎಂದು ತಡವರಿಸಿದ.

ಅವಳು ಗಂಟು ಬಿಗಿದು ತಲೆಯೆತ್ತಿ ನೋಡಿದಳು. “ಹೋಗ್ಬೇಡಿ, ಪರವಾಗಿಲ್ಲ. ಆದ್ರೆ ಮಕ್ಕಳ ಹೆಸರು ಹೇಳ್ಬೇಡಿ.”

ಅವಳಿಗೆ ತಿಳಿದಿತ್ತು. ಅವನು ಬೀದಿಯ ಆಚೆ ಮನುಷ್ಯನೇ ಅಲ್ಲ. ಅಂಗಡಿಯ ಹತ್ತಡಿ ಕೋಣೆಯಲ್ಲಿ ಎಲ್ಲರ ತಲೆಯೂ ಅವನ ಕೈಯಲ್ಲಿ; ಹೊರಗೆ ಒಂದು ಅರ್ಜಿ ತುಂಬಬೇಕಾದರೂ ಅಂಗೈ ಬೆವರುತ್ತಿತ್ತು. ಭಾಷೆ ತಿಳಿಯದ ಊರಿನಲ್ಲಿ, ಕೋಟು ಹಾಕಿಕೊಂಡವರ ನಡುವೆ ನಿಂತು, ಯಾರೋ ತೋರಿಸಿದ ಗೆರೆಯ ಮೇಲೆ ಸಹಿ ಹಾಕುವುದನ್ನು ನೆನೆದರೆ ಮಸೆದ ಕತ್ತಿಯನ್ನೇ ಮತ್ತೆ ಮಸೆಯುತ್ತಿದ್ದ. ಮೂರನೆಯ ನಿಲ್ದಾಣಕ್ಕೆ ವಾಂತಿ ಬರುತ್ತಿದ್ದುದು ಮಗಳಿಗೆ ಮಾತ್ರವಲ್ಲ. ಇದನ್ನು ಅವನು ಯಾವ ಗಿರಾಕಿಯನ್ನೂ ಕೇಳಲಿಲ್ಲ.

ಮದುವೆಗೆ ಹನ್ನೆರಡು ದಿನ ಇರುವಾಗ ತಂಗಿಗೆ ಫೋನ್ ಮಾಡಿದ. ಮಗನಿಗೆ ಕಿವಿ, ಮಗಳಿಗೆ ಪ್ರಯಾಣ ಆಗುವುದಿಲ್ಲ, ಎಲ್ಲರೂ ಬೇಡ ಎನ್ನುತ್ತಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದ.

“ಸರಿ ಅಣ್ಣ” ಎಂದಳು. “ಮಕ್ಕಳನ್ನ ನೋಡ್ಕೋ.”

ಮದುವೆಯ ದಿನ ಮಕ್ಕಳಿಬ್ಬರೂ ಕಲ್ಲುಗುಂಡಿನ ಹಾಗಿದ್ದರು. ಒಂದು ಸೀನಿಲ್ಲ, ಕೆಮ್ಮಿಲ್ಲ. ಯಾರಿಗಾದರೂ ಸ್ವಲ್ಪ ಮೈ ಬಿಸಿಯಾದರೂ ಆಗಲಿ ಎಂದು ಅವನು ಬೆಳಗ್ಗೆ ಹಣೆ ಮುಟ್ಟಿ ನೋಡಿದ. ಹೆತ್ತ ಮಕ್ಕಳಿಗೆ ಜ್ವರ ಬಯಸಿದ ತನ್ನ ಮೇಲೆಯೇ ಅಸಹ್ಯವಾಯಿತು. “ಅತ್ತೆ ಮದ್ವೆಗೆ ನಾವು ಯಾವಾಗ ಹೋಗೋದು?” ಎಂದು ಮಗಳು ಕೇಳಿದಳು. ಅವಳ ಹೊಸ ಶೂ ಪೆಟ್ಟಿಗೆಯಲ್ಲೇ ಇದ್ದವು. ಮಧ್ಯಾಹ್ನ ಫೋಟೋ ಬಂತು. ತಂಗಿ ನಗುತ್ತಿದ್ದಳು. ಪಕ್ಕದಲ್ಲಿ ಎತ್ತರದ ಗಂಡ. ಹಿಂದೆ ಇದ್ದವರೆಲ್ಲ ಗಂಡಿನ ಕಡೆಯವರು. ಅವನು ಆ ಫೋಟೋವನ್ನು ಯಾವ ಗಿರಾಕಿಗೂ ತೋರಿಸಲಿಲ್ಲ.

ಆಮೇಲೆ ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿರುತ್ತಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಗೊಮ್ಮೆ ಆಯಿತು. ಮುಂಚೆ ಮೇಲಿನ ಅಧಿಕಾರಿಯನ್ನು ಬೈಯುತ್ತಿದ್ದಳು, ಹಲ್ಲಿಲ್ಲದ ಮುದುಕರ ತಮಾಷೆ ಹೇಳುತ್ತಿದ್ದಳು. ಈಗ ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳಿ, ತಾವೂ ಚೆನ್ನಾಗಿದ್ದೇವೆ ಎಂದು ಹೇಳಿ, ಇಡುತ್ತಿದ್ದಳು. ನೆಂಟರ ಹಾಗೆ ಮಾತಾಡುತ್ತಿದ್ದಳು, ಅಷ್ಟೇ. ಅವನು ಬೆಳೆಸಿದ ಹುಡುಗಿ ಅವನಿಗೆ ನೆಂಟಳಾಗಿದ್ದಳು.

ಮೂರು ವರ್ಷದ ಮೇಲೆ ಬಂದಳು. ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಹನ್ನೊಂದು ತಿಂಗಳ ಹೆಣ್ಣು ಕೂಸನ್ನು ಎದೆಗೆ ಕಟ್ಟಿಕೊಂಡು, ಒಬ್ಬಳೇ, ಅದೇ ಎರಡು ವಿಮಾನದಲ್ಲಿ ಬಂದಳು.

“ಮಗು ಗೋಳಾಡ್ತಾ?” ಎಂದು ಅವನ ಹೆಂಡತಿ ಕೇಳಿದಳು.

“ಇಲ್ಲ ಅತ್ತಿಗೆ. ನಿದ್ದೆ ಮಾಡ್ತು.”

ಅವನು ನೀರು ತರುವ ನೆಪದಲ್ಲಿ ಒಳಗೆ ಹೋದ.

ಅಂಗಡಿಗೆ ರಜೆ ಇದ್ದ ದಿನ ಅವಳಿಗೋಸ್ಕರ ಬಾಗಿಲು ತೆರೆದ. ಅರ್ಧ ಎತ್ತಿದ ಶಟರಿನ ಕೆಳಗಿಂದ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅವಳು ಕೂಸನ್ನು ಅತ್ತಿಗೆಯ ಹತ್ತಿರ ಬಿಟ್ಟು ಬಂದು ಕುರ್ಚಿಯಲ್ಲಿ ಕೂತಳು. ಬಟ್ಟೆ ಕಟ್ಟಿದ. ಕೂದಲು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

“ಯಾರಮ್ಮ ಹೀಗೆ ಹಾಳು ಮಾಡಿದ್ದು?”

“ನಾನೇ. ಬಚ್ಚಲ ಕನ್ನಡಿ ನೋಡ್ಕೊಂಡು.”

ಬಾಚಿದ, ನೀರು ಚಿಮುಕಿಸಿದ, ಕತ್ತರಿ ಆಡಿಸಿದ. ಎಡಗಡೆ ಮುಗಿಯಿತು. ಅವಳ ಕಿವಿಯ ಹಿಂದೆ ಚಿಕ್ಕಂದಿನಲ್ಲಿ ಅವನ ಕತ್ತರಿಯೇ ತಾಗಿ ಆದ ಸಣ್ಣ ಕಲೆ ಹಾಗೇ ಇತ್ತು. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ಪುಟ್ಟಿ, ನಾನು ಅವತ್ತು ಬರಬೇಕಿತ್ತೇನೋ.”

“ಇರ್ಲಿ ಬಿಡಣ್ಣ” ಎಂದಳು. “ಚಿಕ್ಕ ಮಕ್ಕಳನ್ನ ಕಟ್ಕೊಂಡು ಅಷ್ಟು ದೂರ ಹೇಗ್ ಬರ್ತಿದ್ದೆ.”

ಅವನಿಗೆ ಮನಸ್ಸು ಹಗುರವಾಗಬೇಕಿತ್ತು. ಆಗುವ ಮೊದಲೇ ಕನ್ನಡಿ ನೋಡಿದ. ಕುತ್ತಿಗೆಗೆ ಬಿಗಿದ ಬಟ್ಟೆ, ಅಲ್ಲಾಡದ ತಲೆ, ಕತ್ತರಿಯ ತುದಿಯ ಮೇಲೆ ನೆಟ್ಟ ಕಣ್ಣು. ಬೇಕರಿಯವನು ಹೀಗೇ ಕೂತಿದ್ದ, ಇದೇ ಮಾತನ್ನು ಹೆಚ್ಚೂಕಡಿಮೆ ಹೀಗೇ ಹೇಳಿದ್ದ. ಗುಮಾಸ್ತ, ಲಾರಿ ಡ್ರೈವರು, ಆ ನೂರು ಜನರೂ ಹೀಗೇ ಕೂತಿದ್ದರು. ಕತ್ತಿ ಹಿಡಿದವನು ಏನು ಕೇಳಬಯಸುತ್ತಾನೋ ಅದನ್ನು ಹೇಳಿ, ಬದುಕಿದೆಯಾ ಬಡಜೀವವೇ ಎಂದು ಎದ್ದು ಹೋಗಿದ್ದರು. ಇಷ್ಟು ವರ್ಷ ಇದೇ ಕನ್ನಡಿಯ ಮುಂದೆ ನಿಂತವನಿಗೆ ಅದು ಕಂಡಿರಲಿಲ್ಲ.

ಕತ್ತರಿಯನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದ. ಅವಳ ಕುತ್ತಿಗೆಯ ಬಟ್ಟೆ ಬಿಚ್ಚಿದ.

“ಇನ್ನೊಂದು ಕಡೆ ಬಾಕಿ ಇದೆಯಲ್ಲಣ್ಣ.”

“ಇರ್ಲಿ. ಇಲ್ಲಿ ಬಾ.”

ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕ ಕೂತರು. ಅವನು ಬರಿಗೈ ಎರಡನ್ನೂ ಮೊಣಕಾಲ ಮೇಲಿಟ್ಟುಕೊಂಡು ಅದೇ ಮಾತನ್ನು ಮತ್ತೆ ಕೇಳಿದ. ಅವಳು ನೆಲದ ಮೇಲಿನ ತನ್ನ ಕೂದಲನ್ನು ಕಾಲಿನಿಂದ ಒಂದು ಕಡೆ ಸೇರಿಸಿದಳು.

“ಬರಬೇಕಿತ್ತು” ಎಂದಳು.

ಆಮೇಲೆ ತಾನಾಗಿಯೇ ಹೇಳಿದಳು. “ಅವ್ರ ಕಡೆ ಮೂರು ಸಾಲು ತುಂಬಿತ್ತು. ನನ್ನ ಕಡೆ ಕುರ್ಚಿ ಖಾಲಿ ಕಾಣ್ಬಾರ್ದು ಅಂತ ಒಂದರ ಮೇಲೆ ಕೋಟು, ಒಂದರ ಮೇಲೆ ಬ್ಯಾಗು ಇಟ್ಟೆ. ಹುಡುಗಿ ಕಡೆ ಸಾಕ್ಷಿ ಯಾರು ಅಂತ ಕೇಳಿದ್ರು. ಬಾಗಿಲ ಕಡೆ ನೋಡ್ದೆ. ನೀನು ಬರಲ್ಲ ಅಂತ ಗೊತ್ತಿತ್ತಣ್ಣ, ಆದ್ರೂ ನೋಡ್ದೆ.”

“ಆಮೇಲೆ?”

“ಹೊರಗೆ ಒಬ್ಬಮ್ಮ ನೆಲ ಒರೆಸ್ತಾ ಇದ್ರು. ಅವ್ರನ್ನ ಕರೆದ್ರು. ರಬ್ಬರ್ ಗ್ಲೌಸ್ ತೆಗೆದು, ಕೈ ಒರೆಸ್ಕೊಂಡು ಸಹಿ ಹಾಕಿದ್ರು. ಒಳ್ಳೆಯವ್ರು. ನನ್ನ ಬೆನ್ನು ತಟ್ಟಿ ಹೋದ್ರು.”

“ನಿನ್ನ ಜೊತೆ ಕೆಲಸ ಮಾಡೋರು ಯಾರೂ ಇರ್ಲಿಲ್ವಾ?”

“ಇದ್ರು. ಕೇಳಿದ್ರೆ ಬರ್ತಿದ್ರು.” ಅವಳು ಮಡಿಲಲ್ಲಿದ್ದ ಬಿಳಿ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು. “ಅದು ನಿನ್ನ ಜಾಗ ಆಗಿತ್ತು. ಇನ್ನೊಬ್ರನ್ನ ಕೇಳೋಕೆ ಬಾಯಿ ಬರ್ಲಿಲ್ಲ.”

ಅವನು ಅತ್ತ. ಸದ್ದಿಲ್ಲದೆ, ಮೂಗು ಒರೆಸಿಕೊಳ್ಳುತ್ತಾ, ಅಂಗಡಿಯಲ್ಲಿ ತೊಡೆ ತಟ್ಟಿ ನಗುವ ಅಷ್ಟು ದೊಡ್ಡ ಗಂಡಸು ಅತ್ತ. “ಮಕ್ಕಳು ಕಾರಣ ಅಲ್ಲ ಪುಟ್ಟಿ. ನನಗೆ ಹೆದರಿಕೆ ಆಗಿತ್ತು.”

“ಗೊತ್ತಣ್ಣ. ಅವತ್ತೇ ಗೊತ್ತಿತ್ತು. ನೀನು ಹಾಗಂತ ಹೇಳಿದ್ದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತಿದ್ದೆ.”

ಹೊರಗೆ ಯಾರೋ ಶಟರು ತಟ್ಟಿ, ಅಂಗಡಿ ತೆರೆದಿದೆಯಾ ಎಂದು ಕೇಳಿದರು. ಇಲ್ಲ ಎಂದ. ಅವಳು ಎದ್ದು ಕುರ್ಚಿಯಲ್ಲಿ ಕೂತು, ಬಟ್ಟೆಯನ್ನು ತಾನೇ ಕುತ್ತಿಗೆಗೆ ಸುತ್ತಿಕೊಂಡಳು. ಅವನು ಡ್ರಾಯರು ಎಳೆದು ಕತ್ತರಿ ತೆಗೆದ, ಬಟ್ಟೆಯ ತುದಿಯಲ್ಲಿ ಅದರ ಅಲಗು ಒರೆಸಿದ, ಆಮೇಲೆ ಬಲಗಡೆಯ ಕೂದಲನ್ನು ಎಡಗಡೆಗೆ ಸರಿಯಾಗಿ ಕತ್ತರಿಸಿದ. ಅಷ್ಟು ಹೊತ್ತೂ ಒಂದು ಮಾತನ್ನೂ ಕೇಳಲಿಲ್ಲ.