ಹಲ್ಕಾ ಬಿಲ್ಲು

ಐವತ್ತಾರನೆಯ ವಯಸ್ಸಿನಲ್ಲಿ ನಾನು ಬೇಟೆಗಾರನಾಗಲು ಹೊರಟೆ ಎಂದರೆ ನೀವು ನಗುತ್ತೀರಿ, ನಗಿ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಬೇಟೆಗೆ ಸಿಗುವುದು ಸೊಳ್ಳೆ ಮತ್ತು ಲೋಕಲ್ ಟ್ರೇನಿನಲ್ಲಿ ಮೂವರ ಬೆಂಚಿನ ತುದಿಗೆ ತೂರಿಕೊಳ್ಳುವ ಫೋರ್ತ್ ಸೀಟು. ಎರಡಕ್ಕೂ ಬಿಲ್ಲು ಬೇಕಿಲ್ಲ. ನಿಜವಾದ ಬೇಟೆಗೆ ಕಾನೂನು ಬಿಡುವುದಿಲ್ಲ. ಹೀಗಾಗಿ ಐರೋಲಿಯ ಮೈದಾನವೊಂದರಲ್ಲಿ ಹುಲ್ಲಿನ ಹಲಗೆಗೆ ಅಂಟಿಸಿದ ಕಾಗದದ ಜಿಂಕೆಯನ್ನು ಕೊಲ್ಲಲು ಗಣೇಶ ಚೌತಿ ಕಳೆದ ಕೂಡಲೇ ಭಾನುವಾರದ ಬಿಲ್ಲುವಿದ್ಯೆ ಕ್ಲಾಸಿಗೆ ಸೇರಿದೆ.

ಕಾರಣ ಹೇಳಿಬಿಡುತ್ತೇನೆ: ನನ್ನ ಬಲಗೈ ನಡುಗತೊಡಗಿತ್ತು. ಬೇಲಾಪುರದ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದ ಕೈ ಅದು. ಸ್ಕೇಲಿಲ್ಲದೆ ಗೆರೆ ಎಳೆದು ಶಹಬ್ಬಾಸ್ ಗಿಟ್ಟಿಸಿದ್ದು. "ಕೈ ನಡುಗ್ತದಲ್ಲ ಮಾರಾಯ್ರೆ, ಒಮ್ಮೆ ಡಾಕ್ಟ್ರಿಗೆ ತೋರಿಸಿ" ಎಂದಳು ಹೆಂಡತಿ. ಅಪ್ಪನಿಗೂ ಹೀಗೆಯೇ ಶುರುವಾಗಿ, ಕೊನೆಗೆ ಅನ್ನದ ತುತ್ತು ಬಾಯಿ ಮುಟ್ಟದಂತಾಗಿತ್ತು. ಆ ಕಾಯಿಲೆಯ ಹೆಸರನ್ನು ಮತ್ತೊಮ್ಮೆ ಕೇಳಲು ನನಗೆ ಭಯ. ಬಾಣ ನೆಟ್ಟಗೆ ಹೋದರೆ ಕೈ ನೆಟ್ಟಗಿದೆ ಎಂದೇ ಅರ್ಥವಲ್ಲವೇ?

ಬಿಲ್ಲನ್ನು ಆರಿಸುವುದು ಅದನ್ನು ಎಳೆಯಲು ಬೇಕಾದ ಬಲ ನೋಡಿ. ಅದರ ಲೆಕ್ಕ ಪೌಂಡಿನಲ್ಲಿ. ನಾನು ಗತ್ತಿನಿಂದ ಮೂವತ್ತೈದು ಪೌಂಡಿನದ್ದು ಕೇಳಿದೆ. ಎಳೆದಾಗ ಬಾಣದ ತುದಿ ಗಡಗಡ ನಡುಗಿತು. ಕಲಿಸುವ ಹುಡುಗಿ ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಹುಟ್ಟಿದವಳು, ಹೆತ್ತವರು ವಿಜಯಪುರದವರು. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ. "ಅಂಕಲ್, ಹಲ್ಕಾ ಲೇಲೋ" ಎಂದಳು. ಹಗುರದ್ದು ತಗೊಳ್ಳಿ ಎಂದು ಅವಳ ಅರ್ಥ. ಇಷ್ಟು ವರ್ಷ ಇಲ್ಲಿದ್ದರೂ ನನ್ನ ಕಿವಿಗೆ ಹಲ್ಕಾ ಎಂದರೆ ಮೊದಲು ಕೇಳಿಸುವುದು ಕೀಳು ಎಂದೇ. "ಹಲ್ಕಾದ್ದು ಯಾಕಮ್ಮ, ಒಳ್ಳೇದೇ ಕೊಡು" ಎಂದು ಮುಖ ಊದಿಸಿಕೊಂಡೆ.

ಆಮೇಲೆ ಅದೇ ಶಬ್ದದ ಮೇಲೆ ನನಗೆ ಪ್ರೀತಿ ಹುಟ್ಟಿತು. ಮೂವತ್ತೈದರಿಂದ ಇಪ್ಪತ್ತೆಂಟಕ್ಕೆ, ಅಲ್ಲಿಂದ ಇಪ್ಪತ್ತಕ್ಕೆ ಇಳಿದೆ. ನಡುವೆ ಬೆರಳಿಗೆ ಹಾಕುವ ಚರ್ಮದ ಪಟ್ಟಿಯನ್ನು ಬೈದೆ, ಬಿಲ್ಲಿನ ಹೆದೆಯನ್ನು ಬೈದೆ, ಪಕ್ಕದ ಖಾಡಿಯ ಹಿನ್ನೀರಿನಿಂದ ಬೀಸುವ ಗಾಳಿಯನ್ನೂ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪುರಾಣದ ಸ್ವಯಂವರಗಳಲ್ಲಿ ಬಿಲ್ಲೆತ್ತಲಾರದೆ ಕೂತ ರಾಜರು ಮನೆಗೆ ಹೋಗಿ ಏನೆಂದರೋ ಯಾರೂ ಬರೆದಿಟ್ಟಿಲ್ಲ. ಬಿಲ್ಲೇ ಸರಿಯಿರಲಿಲ್ಲ ಎಂದಿರಬೇಕು.

ಕಳೆದ ಭಾನುವಾರ ಹತ್ತು ಪೌಂಡಿನದ್ದು ಹಿಡಿದೆ. ಮಕ್ಕಳ ಬಿಲ್ಲು. ತುದಿ ಹಾಗೆಯೇ ನಡುಗಿತು. "ಇದಕ್ಕಿಂತ ಹಲ್ಕಾ ಇದೆಯಾ?" ಎಂದೆ. ಹುಡುಗಿ ಬಿಲ್ಲನ್ನು ಮೆಲ್ಲಗೆ ಬಿಡಿಸಿಕೊಂಡು, ಕೈ ಮುಂದೆ ಚಾಚುವಂತೆ ಸನ್ನೆ ಮಾಡಿದಳು. ಚಾಚಿದೆ. ಬರಿಗೈ ನಡುಗುತ್ತಿತ್ತು. ಅವಳು ಮೊದಲ ಸಲ ನನ್ನೊಡನೆ ಕನ್ನಡ ಮಾತಾಡಿದಳು: "ಕಾಕಾ, ಬಿಲ್ಲಿಂದೇನ್ ತಪ್ಪಿಲ್ರಿ."

ಮನೆಗೆ ಬಂದು, ಡಾಕ್ಟರಿಗೆ ತೋರಿಸೋಣ ಎಂದೆ. ಹೆಂಡತಿ ಚಹಾ ತಂದಿಟ್ಟಳು. ಲೋಟದಲ್ಲಿ ಅರ್ಧವೇ ಇದ್ದದ್ದು ಅಂದೇ ನನ್ನ ಕಣ್ಣಿಗೆ ಬಿತ್ತು.

"ಇದೇನು, ಅರ್ಧ?"

"ಚೌತಿಯಿಂದ ಅರ್ಧವೇ ಕೊಡ್ತಾ ಇದ್ದೇನೆ. ಚೆಲ್ಲಬಾರದಲ್ಲ" ಎಂದಳು.

ಚೌತಿಯಿಂದ ಈಚೆಗೆ ಅವಳು ನನ್ನ ಕೈ ನೋಡಿ ಚಹಾದ ಅಳತೆ ಬದಲಿಸಿದ್ದಳು; ಬಿಲ್ಲು ಬದಲಿಸುತ್ತಿದ್ದವನು ಈ ಮನೆಯಲ್ಲಿ ನಾನೊಬ್ಬನೇ.