ನಾನು ಹೊರಗೆ ಕೂತರೆ ದೇಶ ಗೆಲ್ಲುತ್ತಿತ್ತು

ಬೆಂಗಳೂರಿಗೆ ಬಂದು ಮೂರು ವಾರ ಕಳೆಯುವಷ್ಟರಲ್ಲಿ ನನ್ನಿಂದಾಗಿ ಭಾರತದ ಎರಡು ವಿಕೆಟ್ ಬಿದ್ದವು. ಮೊದಲನೆಯದು ನಾನು ಹೊಸ್ತಿಲು ದಾಟಿದಾಗ, ಎರಡನೆಯದು ನೀರು ಕುಡಿಯಲು ಎದ್ದಾಗ. ಬಸವನಗುಡಿಯ ಆ ಮನೆಯ ಯಜಮಾನರಾದ ಶ್ರೀಕಂಠಯ್ಯನವರು ಟೀವಿಯಿಂದ ಕಣ್ಣು ಕೀಳದೆ, "ಮಲ್ಲೇಶ್, ಬೇಜಾರು ಮಾಡ್ಕೋಬೇಡಪ್ಪ, ಸ್ವಲ್ಪ ಹೊರಗಡೆ ಮೆಟ್ಟಿಲ ಮೇಲೆ ಕೂತಿರ್ತೀಯಾ?" ಎಂದರು. ಹೋಗಿ ಕೂತೆ. ಆಮೇಲೆ ಪಂದ್ಯ ಮುಗಿಯುವವರೆಗೆ ಒಂದೂ ವಿಕೆಟ್ ಬೀಳಲಿಲ್ಲ. ಭಾರತ ಗೆದ್ದಿತು. ಮನೆಯವರೆಲ್ಲ ಹೊರಗೆ ಓಡಿಬಂದು ನನ್ನ ಬೆನ್ನು ತಟ್ಟಿದರು. ನಾನೇ ಬ್ಯಾಟು ಬೀಸಿ ಬಂದವನ ಹಾಗೆ ನಕ್ಕೆ. ಅಂದಿಗೆ ಆ ಮನೆಯಲ್ಲಿ ನನ್ನ ಜಾಗ ಯಾವುದೆಂದು ತೀರ್ಮಾನವಾಯಿತು.

ನಮ್ಮ ಕಡೆ ಕಾಲ್ಗುಣ ನೋಡುವುದು ಮದುವೆಯಾಗಿ ಬಂದ ಸೊಸೆಗೆ, ಹುಟ್ಟಿದ ಕೂಸಿಗೆ. ಇಲ್ಲಿ ಎಂ.ಎ. ಓದಲು ಬಂದ ಬಾಡಿಗೆಯವನಿಗೂ ನೋಡುತ್ತಾರೆ ಎಂದು ಊರಿಗೆ ಬರೆದ ಮೊದಲ ಕಾಗದದಲ್ಲಿ ತಮಾಷೆ ಮಾಡಿದ್ದೆ. ಅಪ್ಪ ಅದಕ್ಕೆ ಉತ್ತರ ಬರೆಸಲಿಲ್ಲ.

ನಮ್ಮೂರು ರಾಯಚೂರು ಕಡೆಯ ಹಳ್ಳಿ. ಅಪ್ಪ ಅಲ್ಲಿನ ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನ. ನಾವು ಊರ ಹೊರಗಿನ ಕೇರಿಯವರು. ದೊಡ್ಡ ಮನೆಗಳವರ ಹತ್ತಿರ ಮಾತಾಡಬೇಕಾದರೆ ಅಪ್ಪ ಇವತ್ತಿಗೂ ಕಟ್ಟೆಯ ಕೆಳಗೆ ನಿಂತು ಮಾತಾಡುತ್ತಾನೆ. ರಾಜ್ಯಶಾಸ್ತ್ರ ಓದಲು ಬೆಂಗಳೂರಿಗೆ ಬಂದವನು ಚಾಮರಾಜಪೇಟೆಯಿಂದ ಮತ್ತಿಕೆರೆಯ ತನಕ ಕೋಣೆಗಾಗಿ ಅಲೆದೆ. ಎಲ್ಲ ಕಡೆಯೂ ಊರು, ಹೆಸರು, ಊಟ ಕೇಳಿ ಕೊನೆಗೆ "ನಾಳೆ ಬನ್ನಿ" ಎನ್ನುತ್ತಿದ್ದರು. ಶ್ರೀಕಂಠಯ್ಯನವರು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಅವರೂ ಕೇಳಿದರು. "ಆ ಕಡೆಯೋರು ಅಂದ್ರೆ ಲಿಂಗಾಯತ್ರು ಅಲ್ವಾ?" ಎಂದು ಉತ್ತರವನ್ನೂ ಅವರೇ ಹೇಳಿಬಿಟ್ಟರು. ನಾನು ಹೌದೂ ಎನ್ನಲಿಲ್ಲ, ಅಲ್ಲವೂ ಎನ್ನಲಿಲ್ಲ. ಸುಮ್ಮನೆ ತಲೆಯಾಡಿಸಿದೆ. ಹಿತ್ತಲಿನ ಕೋಣೆ ಸಿಕ್ಕಿತು. ಆ ತಲೆಯಾಟ ಸುಳ್ಳು ಎಂದು ಗೊತ್ತಾದ ದಿನ ಕೋಣೆಯೂ ಹೋಗುತ್ತದೆ ಎಂಬ ಅಳುಕು ಅಂದಿನಿಂದ ನನ್ನ ಜೊತೆಗೇ ಇದೆ.

ಉಳಿದದ್ದೆಲ್ಲ ನಿಧಾನಕ್ಕೆ ರೂಢಿಯಾಯಿತು. ನಮ್ಮಲ್ಲಿ ಗುರು ಎಂದರೆ ಮಠದಲ್ಲಿ ಇರುವವರು, ಇಲ್ಲಿ ಬಸ್ಸಿನ ಕಂಡಕ್ಟರನೂ "ಮುಂದೆ ಹೋಗು ಗುರು" ಎನ್ನುತ್ತಾನೆ. ಒಂದೇ ಕಾಫಿಯನ್ನು ಇಬ್ಬರು ಹಂಚಿಕೊಂಡು ಕುಡಿಯುವುದಕ್ಕೆ ಬೈಟು ಎನ್ನುತ್ತಾರೆ. ನನ್ನ ಮಾತು ಕೇಳಿ ಅಂಗಡಿಯವರು ಮೊದಮೊದಲು ಎರಡೆರಡು ಸಲ "ಏನಂದ್ರಿ?" ಎನ್ನುತ್ತಿದ್ದರು. ಒಂದು ದಿನ ಯಾರೂ ಕೇಳಲಿಲ್ಲ. ಗೆದ್ದೆ ಅನ್ನಿಸಿತು, ಕೂಡಲೇ ಬೇಸರವೂ ಆಯಿತು. ಲಲಿತಮ್ಮನವರ, ಅಂದರೆ ಶ್ರೀಕಂಠಯ್ಯನವರ ಹೆಂಡತಿಯ ಸಾರಿನಲ್ಲಿ ಬೆಲ್ಲ ಇರುತ್ತಿತ್ತು. ಖಾರಕ್ಕೆ ನಾಲಿಗೆ ಚಡಪಡಿಸಿದಾಗ ಚಾಮರಾಜಪೇಟೆಯ ಒಂದು ಖಾನಾವಳಿಗೆ ನಡೆದು ಹೋಗಿ ಜೋಳದ ರೊಟ್ಟಿ, ಹಸಿಮೆಣಸಿನ ಚಟ್ನಿ ತಿಂದು ಕಣ್ಣೀರು ಒರೆಸಿಕೊಂಡು ಬರುತ್ತಿದ್ದೆ.

ಪಂದ್ಯದ ದಿನ ಆ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗವಿತ್ತು ಎನ್ನುವುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಗ ಮುರಳಿ ಗೋಡೆಗೆ ಒರಗಿ ನಿಂತೇ ಇರಬೇಕು. ಲಲಿತಮ್ಮ ಅಡುಗೆಮನೆ ಬಿಟ್ಟು ಬರಕೂಡದು. ಶ್ರೀಕಂಠಯ್ಯನವರು ಬಚ್ಚಲಿಗೂ ಹೋಗದೆ ಬೆತ್ತದ ಕುರ್ಚಿಯಲ್ಲಿ ಒದ್ದಾಡುತ್ತಿದ್ದರು. ನನಗೆ ಮೆಟ್ಟಿಲು. ಕಾಫಿ, ಬಜ್ಜಿ ಅಲ್ಲಿಗೇ ಬರುತ್ತಿದ್ದವು. ಅವರಿಗೆ ಅದು ಬರೀ ಆಟ. ಅಷ್ಟು ಒಳ್ಳೆಯವರ ಮೇಲೆ ನನಗೆ ಸಿಟ್ಟು ಬರುತ್ತಿತ್ತಲ್ಲ, ಅದಕ್ಕೆ ನನ್ನ ಮೇಲೆ ಇನ್ನೂ ಸಿಟ್ಟು ಬರುತ್ತಿತ್ತು. ನಿಜ ಹೇಳಿಬಿಟ್ಟರೆ ಏನಾಗುತ್ತದೆ? ಕೋಣೆ ಬಿಡಿಸಬಹುದು. ಇಲ್ಲವೇ ಪಾಪ ಎಂದು ಕರೆದು ಒಳಗೆ ಕೂರಿಸಬಹುದು. ಎರಡೂ ನನಗೆ ಬೇಡವಾಗಿದ್ದವು. ನನಗೆ ಬೇಕಾದದ್ದು ಇಷ್ಟೇ: ವಿಕೆಟ್ ಬಿದ್ದರೂ ಬೀಳದಿದ್ದರೂ ಆ ನಡುಮನೆಯ ಕೆಂಪು ನೆಲದ ಮೇಲೆ ಮುರಳಿಯ ಪಕ್ಕ ಕೂತು ಪಂದ್ಯ ನೋಡುವುದು.

ಕಿಟಕಿಯಿಂದ ಮಾತೆಲ್ಲ ಕೇಳಿಸುತ್ತಿತ್ತು. ಪಂದ್ಯ ಗೆದ್ದರೆ "ಗೆದ್ವಿ" ಎನ್ನುತ್ತಿದ್ದರು. ದೆಹಲಿಯ ಸರ್ಕಾರದ ಬಗ್ಗೆಯೂ "ನಾವು ಹಿಂಗ್ ಮಾಡ್ಬೇಕಿತ್ತು" ಎನ್ನುತ್ತಿದ್ದರು. ನಮ್ಮ ಕೇರಿಯಲ್ಲಿ ಸರ್ಕಾರಕ್ಕೆ ಯಾರೂ ನಾವು ಎಂದಿದ್ದನ್ನು ಕೇಳಿಲ್ಲ. ಅವರು ರಸ್ತೆ ಮಾಡಲಿಲ್ಲ, ಅವರು ನೀರು ಬಿಡಲಿಲ್ಲ, ಅವರು ವೋಟು ಕೇಳಲು ಬಂದರು. ತರಗತಿಯಲ್ಲಿ ನಾನು ಪ್ರಾತಿನಿಧ್ಯದ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ತೆಗೆದೆ. ಈ ಒಂದು ಪದದ ವಿಷಯ ಅದರಲ್ಲಿ ಬರೆಯಲಿಲ್ಲ.

ಅದು ಕೇಂದ್ರ ಸರ್ಕಾರ ಒಂದೇ ಒಂದು ಮತದಿಂದ ಬಿದ್ದ ವರ್ಷ. ಮತದಾನವನ್ನು ಟೀವಿಯಲ್ಲಿ ನೇರವಾಗಿ ತೋರಿಸುತ್ತಿದ್ದರು. ಸರ್ಕಾರ ಉಳಿಯಬೇಕೆಂದು ಶ್ರೀಕಂಠಯ್ಯನವರಿಗೆ ಬಹಳ ಆಸೆ. "ಈ ಜಾತಿ ಲೆಕ್ಕಾಚಾರದೋರೇ ದೇಶ ಹಾಳ್ ಮಾಡ್ತಿರೋದು" ಎಂದು ಬೆಳಗಿನಿಂದ ಗೊಣಗುತ್ತಿದ್ದವರು ನನ್ನನ್ನು ನೋಡಿ, "ಮಲ್ಲೇಶ್, ಇವತ್ತೂ ಸ್ವಲ್ಪ ಅಲ್ಲೇ ಕೂತ್ಬಿಡಪ್ಪ" ಎಂದರು. ಅರ್ಧ ತಮಾಷೆ, ಅರ್ಧ ನಿಜ. ಓದುತ್ತಿದ್ದ ವಿಷಯವೇ ಕಣ್ಣೆದುರು ನಡೆಯುತ್ತಿರುವಾಗ ರಾಜ್ಯಶಾಸ್ತ್ರದ ವಿದ್ಯಾರ್ಥಿ ಮೆಟ್ಟಿಲ ಮೇಲೆ ಕೂತು ಅದನ್ನು ಕಿವಿಯಲ್ಲಿ ನೋಡಿದ. ಸರ್ಕಾರ ಬಿತ್ತು. ಅವರು ಹೊರಗೆ ಬಂದು, "ನೀನು ಮಧ್ಯದಲ್ಲಿ ಎದ್ದಿದ್ಯಾ?" ಎಂದು ಕೇಳಿದರು. ನಲ್ಲಿಯಲ್ಲಿ ನೀರು ಬಂತೆಂದು ಬಕೆಟ್ ಇಡಲು ಎದ್ದಿದ್ದೆ. "ಇಲ್ಲ ಸರ್" ಎಂದೆ.

ಅದಾದ ಕೆಲವೇ ವಾರಕ್ಕೆ ಇಂಗ್ಲೆಂಡಿನಲ್ಲಿ ವಿಶ್ವಕಪ್ ಶುರುವಾಯಿತು. ಅಲ್ಲಿನ ಬೆಳಗು ಇಲ್ಲಿನ ಮಧ್ಯಾಹ್ನ. ಅಂಥ ಒಂದು ಮಧ್ಯಾಹ್ನ ಅಪ್ಪ ಕಣ್ಣು ತೋರಿಸಲೆಂದು ಊರಿನಿಂದ ಬಂದ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ನಿಂತಿದ್ದವನನ್ನು ಶ್ರೀಕಂಠಯ್ಯನವರು ಕಿಟಕಿಯಿಂದ ಕಂಡು ಕುರ್ಚಿ ಬಿಟ್ಟೆದ್ದು ಬಂದು, "ಬನ್ನಿ ಬನ್ನಿ, ಒಳಗೆ ಬನ್ನಿ ಯಜಮಾನ್ರೇ" ಎಂದು ಕೈಹಿಡಿದು ಕರೆದುಕೊಂಡು ಹೋದರು. ಅಪ್ಪ ಹೊಸ್ತಿಲು ದಾಟಿದ್ದೇ ತಡ ಎದುರಾಳಿಯ ವಿಕೆಟ್ ಬಿತ್ತು. ಒಳಗೆ ಚಪ್ಪಾಳೆ. "ಏನ್ ಕಾಲ್ಗುಣ ಸ್ವಾಮಿ ನಿಮ್ದು. ಕೂತ್ಕೊಳ್ಳಿ, ಏಳ್ಬೇಡಿ" ಎಂದು ಅಪ್ಪನನ್ನು ತಮ್ಮ ಬೆತ್ತದ ಕುರ್ಚಿಯಲ್ಲೇ ಕೂರಿಸಿದರು.

ಅಪ್ಪ ಕುರ್ಚಿಯ ತುದಿಯಲ್ಲಿ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ಲಲಿತಮ್ಮ ಕಾಫಿ ಕೊಟ್ಟರು. "ಮಲ್ಲೇಶ ಯಾಕ ಹೊರಗ ಕುಂತಾನ್ರಿ?" ಎಂದು ಅಪ್ಪ ಕೇಳಿದ.

"ಅವನು ಹೊರಗಡೆನೇ ಇರ್ಬೇಕು. ಅವನು ಒಳಗೆ ಬಂದ್ರೆ ಎಲ್ಲಾ ಕೆಟ್ಟೋಗತ್ತೆ" ಎಂದು ಮುರಳಿ ನಕ್ಕ.

ಅಪ್ಪ ಎದ್ದ. ಕಾಫಿಯ ಲೋಟ ಹಿಡಿದುಕೊಂಡೇ ಹೊರಗೆ ಬಂದು ನನಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ದನಿ ತಗ್ಗಿಸಿ ಕೇಳಿದ: "ಇವರಿಗೆ ನಮ್ಮದು ಗೊತ್ತಾಗೇತೇನು?"

"ಇಲ್ಲಪ್ಪ. ಇದು ಆಟ."

"ಹೌದಾ" ಎಂದು ಕಾಫಿ ಮುಗಿಸಿದ. ಹಿತ್ತಲಿನ ನಲ್ಲಿಗೆ ಹೋಗಿ ಲೋಟವನ್ನು ತಾನೇ ತೊಳೆದು ತಂದು ಮೆಟ್ಟಿಲ ಮೇಲೆ ಬೋರಲು ಹಾಕಿದ. ಊರಿನಲ್ಲಿ ಹೀಗೆ ತೊಳೆದಿಟ್ಟೇ ಅವನಿಗೆ ಅಭ್ಯಾಸ. ಲಲಿತಮ್ಮ ಓಡಿ ಬಂದು, "ಅಯ್ಯೋ, ನೀವ್ಯಾಕೆ ತೊಳೆದ್ರಿ?" ಎಂದು ನೊಂದುಕೊಂಡರು. ಅವರು ನಿಜವಾಗಿಯೂ ನೊಂದುಕೊಂಡರು. ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಚಿಕೆಯಿಂದ ಅಪ್ಪನ ಮುಖವನ್ನೂ ನೋಡಲಿಲ್ಲ.

ಮುಂದಿನ ರಜೆಗೆ ಊರಿಗೆ ಹೊರಟಾಗ ಶ್ರೀಕಂಠಯ್ಯನವರು ಗೇಟಿನವರೆಗೂ ಬಂದು ಹೇಳಿದರು: "ಸರಣಿ ಶುರುವಾಗೋ ಹೊತ್ಗೆ ಬಂದ್ಬಿಡಪ್ಪ. ನೀನಿಲ್ದಿದ್ರೆ ಮೆಟ್ಟಿಲು ಖಾಲಿ ಹೊಡೆಯತ್ತೆ." ಅವರ ಕಣ್ಣಿನಲ್ಲಿ ಪ್ರೀತಿಯಿತ್ತು. ಇಡೀ ಬೆಂಗಳೂರಿನಲ್ಲಿ ನನ್ನ ದಾರಿ ಕಾಯುವವರು ಅವರೊಬ್ಬರೇ, ಅವರು ಕಾಯುತ್ತಿದ್ದದ್ದು ನಾನು ಹೊರಗೆ ಕೂರಲಿ ಎಂದು.

ಊರಿನಲ್ಲಿ ಅಪ್ಪ ಹಳೆಯದೊಂದು ಟೀವಿ ತಂದಿಟ್ಟಿದ್ದ. ನಾನು ಬರುತ್ತೇನೆಂದು, ಒಳಗೆ ಕೂತು ನೋಡಲಿ ಎಂದು ತಂದದ್ದಂತೆ, ಅವ್ವ ಹೇಳಿದಳು. ಪಂದ್ಯದ ದಿನ ಅಪ್ಪನ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಭಾರತದ ವಿಕೆಟ್ ಬಿತ್ತು. ಯಾರೂ ನನ್ನ ಕಡೆ ತಿರುಗಲಿಲ್ಲ. ನಾನು ಎದ್ದು ಹೊರಗೆ ಬಂದು ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತೆ. ಎದ್ದದ್ದು ನನಗೇ ತಿಳಿಯಲಿಲ್ಲ.

ಅಪ್ಪ ಹೊಸ್ತಿಲಿಗೆ ಬಂದು ನಿಂತ. "ಇಲ್ಲಿ ನಿನಗ ಯಾರೂ ಏನೂ ಅಂದಿಲ್ಲಲ್ಲೋ. ಒಳಗ ಬಾ."

"ಇರಲಿ ಬಿಡಪ್ಪ. ಗೆದ್ದ ಮ್ಯಾಲ ಬರ್ತೀನಿ."

ಅಪ್ಪ ಒಳಗೆ ಹೋಗಿ ಟೀವಿ ಆರಿಸಿದ.