ಹದಿನಾರು ಮೇಜಿನ ಔತಣ

ಮಿಯಾವ್‌ಲಿ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಹದಿನಾರು ಕಂಪ್ಯೂಟರುಗಳ ಒಂದು ಗುಂಪನ್ನು ಚಿಯು-ಲಾನ್ ನೋಡಿಕೊಳ್ಳುತ್ತಾಳೆ. ದೊಡ್ಡ ಲೆಕ್ಕವೊಂದನ್ನು ತುಂಡು ಮಾಡಿ ಕೊಟ್ಟರೆ, ಯಾವ ತುಂಡು ಯಾವ ಯಂತ್ರದಲ್ಲಿ ನಡೆಯಬೇಕೆಂದು ಗೊತ್ತುಮಾಡುವುದು ಅವಳ ಕೆಲಸ. ಮಧ್ಯಾಹ್ನವಾದೊಡನೆ ಸ್ಕೂಟರ್ ಹತ್ತಿ ಮನೆಗೆ ಬರುತ್ತಾಳೆ, ಅಪ್ಪನಿಗೆ ಊಟ ಮಾಡಿಸಲು.

ಅಪ್ಪ ತಿಂಗ್-ಫು ಬೀದಿ ಔತಣಗಳ ಅಡುಗೆಯವನಾಗಿದ್ದ. ರಸ್ತೆಗೇ ಶಾಮಿಯಾನ ಹಾಕಿ ಊರಿನ ಮದುವೆಗಳಿಗೆಲ್ಲ ಬಡಿಸಿದವನು. ಈಗ ನೆನಪು ಮಾಸಿದೆ. ಮಗಳ ವಯಸ್ಸು ಗೊತ್ತಿಲ್ಲ, ಆದರೆ ಅತಿಥಿಗಳು ಕೂರುವ ಮುಂಚೆ ಅಡುಗೆಯವನು ತಿನ್ನಬಾರದೆಂಬುದನ್ನು ಮರೆತಿಲ್ಲ. ಬಟ್ಟಲು ಇಟ್ಟರೆ ಮುಟ್ಟುತ್ತಿರಲಿಲ್ಲ. ಒಂದು ದಿನ ಅವಳು ಸಾಕಾಗಿ ತನ್ನ ಯಂತ್ರಗಳ ಸುದ್ದಿಯನ್ನೇ ಔತಣದ ಸುದ್ದಿಯಂತೆ ಹೇಳಿದಳು: "ಹದಿನಾರು ಮೇಜು ಅಪ್ಪ, ಎಲ್ಲಾ ತುಂಬಿವೆ." ಅವನು ಚಮಚ ಎತ್ತಿದ. ಆಮೇಲೆ ದಿನವೂ ಅದೇ ಸುದ್ದಿ, ಅದೇ ಊಟ.

ಆದರೆ ಎರಡು ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ. ಅವಳ ಮುಖದಲ್ಲಿ ಏನೋ ಸರಿಯಿರಲಿಲ್ಲ, ಅದು ಅವನಿಗೆ ಕಾಣುತ್ತಿತ್ತು. ಸುಳ್ಳು ಹೇಳಲು ಅವಳಿಗೆ ಬಾರದು.

"ಆ-ಲಾನ್, ಎಲ್ರೂ ಕೂತ್ರಾ?" ಇವತ್ತೂ ಅವನು ಮಗಳನ್ನು ಕೇಳಿದ.

"ಕೂತಿದಾರೆ ಅಪ್ಪ. ಆದ್ರೆ ಊಟ ಮುಂದಕ್ಕೇ ಹೋಗ್ತಿಲ್ಲ."

ಅವನು ಗಂಜಿಯ ಬಟ್ಟಲನ್ನು ದೂರ ತಳ್ಳಿದ. "ಯಾರ ಕಡೆಯೋರು?"

"ಒಂದು ನದಿ ಕಡೆಯೋರು."

ಅದು ಯೂ-ಷೆಂಗ್ ಎಂಬ ವಿದ್ಯಾರ್ಥಿಯ ಪ್ರವಾಹದ ಲೆಕ್ಕ. ನದಿಯನ್ನು ಅರವತ್ತನಾಲ್ಕು ತುಂಡು ಮಾಡಿದ್ದ. ಪ್ರತಿ ತುಂಡೂ ತನ್ನಲ್ಲಿ ನೀರೆಷ್ಟಿದೆ ಎಂದು ಪಕ್ಕದ ತುಂಡಿಗೆ ಹೇಳುತ್ತಲೇ ಇರಬೇಕು.

"ಹೆಂಗೆ ಕೂರಿಸಿದೀಯ?"

"ಮೇಜಿಗೆ ಒಬ್ಬೊಬ್ರಂಗೆ, ಇಸ್ಪೀಟು ಹಂಚಿದ ಹಾಗೆ, ಸುತ್ತು ಮೇಲೆ ಸುತ್ತು. ಯಾವ ಮೇಜಿಗೂ ಅನ್ಯಾಯ ಆಗ್ಬಾರ್ದು ಅಂತ..." ಹೇಳುತ್ತಿದ್ದಂತೆ ತಪ್ಪು ಅವಳಿಗೇ ಹೊಳೆಯಿತು. ಪಕ್ಕಪಕ್ಕದ ತುಂಡುಗಳು ಬೇರೆ ಬೇರೆ ಯಂತ್ರಗಳಲ್ಲಿ ಕೂತಿದ್ದವು. ಪ್ರತಿ ಮಾತೂ ತಂತಿ ದಾಟಿ ಹೋಗಬೇಕು, ಉತ್ತರ ಬರುವ ತನಕ ಎಲ್ಲರೂ ಕಾಯಬೇಕು.

ಅಪ್ಪ ಕಿಸಕ್ಕನೆ ನಕ್ಕ. "ಅಣ್ಣತಮ್ಮಂದಿರನ್ನ ಬೇರೆ ಮಾಡಿದ್ಯಾ? ಎದ್ದೆದ್ದು ಓಡಾಡ್ತಾರೆ ಕಣೇ, ಸೂಪು ಆರಿಹೋಗುತ್ತೆ!"

ಅವಳು ಫೋನ್ ಮಾಡಿದಳು. "ಯೂ-ಷೆಂಗ್, ನಿನ್ನ ಲೆಕ್ಕ ನಿಲ್ಲಿಸಿ ಮೊದಲಿಂದ ಶುರು ಮಾಡ್ತೀನಿ."

"ಅಯ್ಯೋ ಲಾನ್ ಅಕ್ಕ, ಎರಡು ದಿನದ ಕೆಲಸ! ಅದರ ಬದಲು ನನ್ನ ಕತ್ತು ಹಿಸುಕಿಬಿಡಿ."

"ಹಂಚಿದ್ದು ತಪ್ಪಾಗಿದೆ ಕಣೋ, ತಪ್ಪು ನಂದೇ. ಹಿಂಗೇ ಬಿಟ್ರೆ ಇದು ಮುಗಿಯಲ್ಲ."

"ಹೂಂ ಅಕ್ಕ. ನಿಲ್ಲಿಸಿ."

ಗಂಜಿಯ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು, ನಿಂತುಕೊಂಡೇ ಹಂಚಿಕೆಯ ಒಂದು ಸಾಲು ತಿದ್ದಿದಳು. ನದಿ ಹರಿಯುವ ಕ್ರಮದಲ್ಲೇ ನಾಲ್ಕು ನಾಲ್ಕು ತುಂಡು ಒಂದೊಂದು ಯಂತ್ರಕ್ಕೆ. ಒಂದು ತುಂಬಿದ ಮೇಲೆಯೇ ಮುಂದಿನದು. ತಿದ್ದಿದ್ದನ್ನು ಎರಡು ಸಲ ಓದಿ ಕೀಲಿ ಒತ್ತಿದಳು. ಪರದೆಯ ಮೇಲೆ ಅಂಕಿಗಳು ಸರಸರನೆ ಏರತೊಡಗಿದವು. ಅಪ್ಪ ಪರದೆ ನೋಡಲಿಲ್ಲ, ಅವಳ ಮುಖ ನೋಡಿದ.

"ಕೂತ್ರಾ?"

"ಕೂತ್ರು ಅಪ್ಪ. ಮಾತು ಜೋರಾಗಿ ನಡೀತಿದೆ."

ಅವನು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ಒಣ ಮೂಲಂಗಿಯ ಚೂರೊಂದನ್ನು ಗಂಜಿಗೆ ಹಾಕಿ ಕಲಸಿದ. ಚಮಚ ಬಾಯಿಯ ತನಕ ಹೋಗಿ ನಿಂತಿತು.

"ಇನ್ನೊಂದು ಬಟ್ಟಲು ತಗೊಂಡು ಬಾ."

"ಯಾರಿಗಪ್ಪ?"

"ನೀನೂ ಅಡುಗೆಮನೆಯವಳೇ ತಾನೇ? ಆಗಿಂದ ನಿಂತೇ ಇದೀಯ. ಕೂತ್ಕೋ, ಉಣ್ಣೋಣ."